ಎಸ್‌ಪ್ರೆಸೊ ಯಂತ್ರ ಮನೆಗೆ ತರುವ ಮುನ್ನ: ದೆಹಲಿ ಕನ್ನಡಿಗರಿಗೊಂದು ಮಾರ್ಗದರ್ಶಿ

ದ್ವಾರಕಾ, ಮಯೂರ್ ವಿಹಾರ್, ನೋಯ್ಡಾ, ಗುರುಗ್ರಾಮಗಳ ಕನ್ನಡ ಮನೆಗಳಲ್ಲಿ ಈಚೆಗೆ ಒಂದೇ ಬಗೆಯ ದೂರು ಕೇಳಿಬರುತ್ತಿದೆ. ಸಾವಿರಾರು ರೂಪಾಯಿ ಕೊಟ್ಟು ಎಸ್‌ಪ್ರೆಸೊ ಯಂತ್ರ ತಂದದ್ದಾಯಿತು, ಊರಿನಿಂದ ಬಂದ ಕಾಫಿಪುಡಿಯನ್ನೇ ತುಂಬಿದ್ದಾಯಿತು. ಲೋಟಕ್ಕೆ ಇಳಿದದ್ದು ಮಾತ್ರ ಒಂದು ದಿನ ನೀರು ನೀರು, ಇನ್ನೊಂದು ದಿನ ಬಾಯಿಗಿಡಲಾಗದ ಕಹಿ. ಕೆಲವೊಮ್ಮೆ ಒಂದು ಹನಿಯೂ ಇಳಿಯದೆ ಯಂತ್ರ ಗುರುಗುಟ್ಟುತ್ತ ನಿಲ್ಲುತ್ತದೆ. ಕೆಲವೇ ತಿಂಗಳಲ್ಲಿ ಅದು ಅಟ್ಟ ಸೇರಿ, ಸ್ಟೀಲ್ ಫಿಲ್ಟರ್ ಮತ್ತೆ ಅಡುಗೆಕಟ್ಟೆಗೆ ಬರುತ್ತದೆ.

ಬಹಳ ಸಲ ತಪ್ಪು ಯಂತ್ರದ್ದಾಗಿರುವುದಿಲ್ಲ. ಕೊಳ್ಳುವ ಕ್ರಮವೇ ತಲೆಕೆಳಗಾಗಿರುತ್ತದೆ. ಹೆಚ್ಚಿನವರು ಯಂತ್ರವನ್ನು ಮೊದಲು ಆರಿಸುತ್ತಾರೆ, ಬೀಸುವ ಗ್ರೈಂಡರ್‌ನ ಯೋಚನೆ ಆಮೇಲೆ ಬರುತ್ತದೆ, ನೀರಿನ ಯೋಚನೆ ಬರುವುದೇ ಇಲ್ಲ. ದೆಹಲಿ ಮತ್ತು ಸುತ್ತಲಿನ ಊರುಗಳಲ್ಲಿ ಇದನ್ನು ಹಿಂದುಮುಂದು ಮಾಡಬೇಕು: ಮನೆಯವರ ಅಭ್ಯಾಸ, ನೀರು, ಗ್ರೈಂಡರ್ ಈ ಮೂರೂ ಗೊತ್ತಾದ ಮೇಲೆ ಯಂತ್ರ.

ಫಿಲ್ಟರ್ ಪುಡಿ ಯಾಕೆ ಒಗ್ಗುವುದಿಲ್ಲ?

ಸ್ಟೀಲ್ ಫಿಲ್ಟರ್‌ನಲ್ಲಿ ಬಿಸಿನೀರು ತನ್ನ ಭಾರದಿಂದಲೇ ಪುಡಿಯೊಳಗೆ ಇಳಿಯುತ್ತದೆ. ಡಿಕಾಕ್ಷನ್ ಹನಿ ಹನಿಯಾಗಿ ಕೂಡಿಕೊಳ್ಳಲು ಹದಿನೈದು–ಇಪ್ಪತ್ತು ನಿಮಿಷವಾದರೂ ಬೇಕು. ಎಸ್‌ಪ್ರೆಸೊದಲ್ಲಿ ಅದೇ ಕೆಲಸ 25ರಿಂದ 30 ಸೆಕೆಂಡಿನಲ್ಲಿ ಮುಗಿಯುತ್ತದೆ. ಅದಕ್ಕಾಗಿ 90ರಿಂದ 96 ಡಿಗ್ರಿ ಸೆಲ್ಸಿಯಸ್ ಬಿಸಿಯಿರುವ ನೀರನ್ನು ಸುಮಾರು 9 ಬಾರ್ ಒತ್ತಡದಲ್ಲಿ, ಅಂದರೆ ವಾತಾವರಣದ ಒತ್ತಡದ ಒಂಬತ್ತು ಪಟ್ಟಿನಲ್ಲಿ, ಅದುಮಿ ಕೂರಿಸಿದ ಪುಡಿಯ ಬಿಲ್ಲೆಯ ಮೂಲಕ ನೂಕಲಾಗುತ್ತದೆ. ಆ ಒತ್ತಡಕ್ಕೆ ಎದುರು ನಿಲ್ಲುವುದು ಪುಡಿಯ ನುಣುಪು ಮಾತ್ರ. ಪುಡಿ ತರಿಯಾಗಿದ್ದರೆ ನೀರು ತಡೆಯಿಲ್ಲದೆ ನುಗ್ಗಿಬಿಡುತ್ತದೆ.

ಅಂಗಡಿಯ ಫಿಲ್ಟರ್ ಪುಡಿ ಎಸ್‌ಪ್ರೆಸೊಗೆ ಬೇಕಾದಷ್ಟು ನುಣ್ಣಗಿರುವುದಿಲ್ಲ. ಹೀಗಾಗಿ ಚಿಕೋರಿಯಿಲ್ಲದ ಪುಡಿಯಾದರೆ ಕಾಫಿ ಹತ್ತು ಸೆಕೆಂಡಿನಲ್ಲಿ ನೀರಾಗಿ ಸುರಿಯುತ್ತದೆ. 80:20 ಮಿಶ್ರಣವಾದರೆ ತೊಂದರೆ ಬೇರೆ. ಕಾಫಿಯಲ್ಲಿ ನೀರಿಗೆ ಕರಗುವ ಅಂಶ ಸುಮಾರು ಶೇ 30. ಚಿಕೋರಿಯಲ್ಲಿ ಬಹುಪಾಲು ಕರಗುವುದೇ. ಅದು ಬಿಸಿನೀರು ಸೋಕಿದೊಡನೆ ಅಂಟಾಗಿ ಬಿಲ್ಲೆಯನ್ನು ಮುಚ್ಚಿಬಿಡುತ್ತದೆ, ಜಾಲರಿಯ ತೂತುಗಳಲ್ಲಿ ಕಟ್ಟಿಕೊಳ್ಳುತ್ತದೆ. ಒಂದೇ ಯಂತ್ರ ಒಂದು ದಿನ ನೀರು ಸುರಿಸಿ ಮರುದಿನ ಕಟ್ಟಿಕೊಳ್ಳುವುದಕ್ಕೆ ಕಾರಣ ಇದು. ಚಿಕೋರಿಯ ರುಚಿ ಬೇಕೇ ಬೇಕು ಎನ್ನುವವರು ಅದನ್ನು ಫಿಲ್ಟರ್‌ನಲ್ಲೇ ಉಳಿಸಿಕೊಳ್ಳುವುದು ಒಳ್ಳೆಯದು.

ಒತ್ತಡದ ಈ ಲೆಕ್ಕಕ್ಕೆ ಚಿಕ್ಕ ಇತಿಹಾಸವಿದೆ. ಇಟಲಿಯ ಟ್ಯೂರಿನ್‌ನಲ್ಲಿ ಆಂಜೆಲೊ ಮೊರಿಯೊಂಡೊ 1884ರಲ್ಲಿ, ಮಿಲಾನ್‌ನಲ್ಲಿ ಲುಯಿಜಿ ಬೆಜ್ಜೆರಾ 1901ರಲ್ಲಿ ಪೇಟೆಂಟ್ ಪಡೆದ ಯಂತ್ರಗಳು ಹಬೆಯ ಬಲದಿಂದ ನಡೆಯುತ್ತಿದ್ದವು. ಎರಡನೇ ಮಹಾಯುದ್ಧದ ನಂತರ ಅಕಿಲೆ ಗಾಜಿಯಾ ಅವರ ಸನ್ನೆ ಯಂತ್ರ ಒತ್ತಡವನ್ನು ಬಹಳ ಮೇಲಕ್ಕೆ ಒಯ್ದಿತು, ಕಾಫಿಯ ಮೇಲೆ ಕಂದು ನೊರೆ ಕಟ್ಟಿದ್ದು ಆಗಲೇ. 1961ರಲ್ಲಿ ಬಂದ ಫಾಯೆಮಾ ಕಂಪನಿಯ ಇ61 ಆ ಒತ್ತಡವನ್ನು ವಿದ್ಯುತ್ ಪಂಪಿಗೆ ವಹಿಸಿತು. ಕೊಳ್ಳುವವರಿಗೆ ಇದು ಇವತ್ತಿಗೂ ಮುಖ್ಯ: ಮಾರುಕಟ್ಟೆಯ ತೀರ ಅಗ್ಗದ ಯಂತ್ರಗಳಲ್ಲಿ ಪಂಪ್ ಇರುವುದಿಲ್ಲ, ಅವು ಈಗಲೂ ಹಬೆಯ ತತ್ವದಲ್ಲೇ ನಡೆಯುತ್ತವೆ.

ಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ ಐದು ಪ್ರಶ್ನೆ

1. *ಮನೆಯಲ್ಲಿ ಒಂದೇ ಹೊತ್ತಿಗೆ ಎಷ್ಟು ಜನ ಕಾಫಿ ಕುಡಿಯುತ್ತಾರೆ?* ಫಿಲ್ಟರ್ ಒಮ್ಮೆಗೇ ಆರು ಜನರ ಡಿಕಾಕ್ಷನ್ ಕೊಡುತ್ತದೆ. ಮನೆಯ ಎಸ್‌ಪ್ರೆಸೊ ಯಂತ್ರ ಒಂದು ಸಲಕ್ಕೆ ಒಂದು ಅಥವಾ ಎರಡು ಲೋಟಕ್ಕೆ ಮಾತ್ರ. ನಾಲ್ವರಿಗೆ ಹಾಲಿನ ಕಾಫಿ ಮಾಡಲು ಸಣ್ಣ ಯಂತ್ರದಲ್ಲಿ ಕಾಲು ಗಂಟೆಯಾದರೂ ಹಿಡಿಯುತ್ತದೆ. ಬೆಳಿಗ್ಗೆ ಒಬ್ಬರು ಮೆಟ್ರೊ ಹಿಡಿಯಬೇಕು, ಇನ್ನೊಬ್ಬರು ಶಾಲೆಯ ಬಸ್ಸಿಗೆ ಓಡಬೇಕು ಎನ್ನುವ ಮನೆಯಲ್ಲಿ ಇದು ಸಣ್ಣ ಮಾತಲ್ಲ.

2. *ಹಾಲಿನ ಕಾಫಿಯೋ, ಬರಿ ಕಾಫಿಯೋ?* ಹಾಲಿನದೇ ಹೆಚ್ಚು ಎಂದಾದರೆ ಹಬೆಯ ಕೊಳವೆ ಬಲವಾಗಿರಬೇಕು. ಬರಿ ಎಸ್‌ಪ್ರೆಸೊ ಕುಡಿಯುವವರಿಗೆ ನೀರಿನ ಬಿಸಿ ಏರುಪೇರಾಗದಿರುವುದು ಹೆಚ್ಚು ಮುಖ್ಯ.

3. *ಗ್ರೈಂಡರ್‌ಗೆ ಹಣ ಇಟ್ಟಿದ್ದೀರಾ?* ಒಟ್ಟು ಹಣದಲ್ಲಿ ಮೂರನೇ ಒಂದು ಭಾಗವನ್ನಾದರೂ ಮೊದಲೇ ತೆಗೆದಿಡಿ. ಮಿಕ್ಸಿಯ ಬ್ಲೇಡು ಬೀಜವನ್ನು ಕತ್ತರಿಸುತ್ತದೆ. ಅರ್ಧ ಹಿಟ್ಟು, ಅರ್ಧ ತರಿ ಬರುತ್ತದೆ. ಎಸ್‌ಪ್ರೆಸೊಗೆ ಎರಡು ಹಲ್ಲುಚಕ್ರಗಳ ನಡುವೆ ಬೀಸುವ, ಹದವನ್ನು ಕೂದಲೆಳೆಯಷ್ಟು ಬದಲಿಸಬಹುದಾದ ಬರ್ ಗ್ರೈಂಡರ್ ಬೇಕು. ಕೈಯಲ್ಲಿ ತಿರುಗಿಸುವ ಗ್ರೈಂಡರ್‌ಗಳಲ್ಲೂ ಎಸ್‌ಪ್ರೆಸೊಗೆಂದೇ ಮಾಡಿದವು ಸಿಗುತ್ತವೆ. ಬೆಲೆ ಕಡಿಮೆ, ಬೆಳಗಿನ ಜಾವ ಮನೆಮಂದಿಯ ನಿದ್ದೆಯೂ ಕೆಡುವುದಿಲ್ಲ.

4. *ಅಡುಗೆಮನೆಯಲ್ಲಿ ಯಾವ ಸಾಕೆಟ್ ಇದೆ?* 230 ವೋಲ್ಟಿನಲ್ಲಿ 6 ಆಂಪಿಯರ್ ಸಾಕೆಟ್ ಹೊರಬಲ್ಲದ್ದು ಹೆಚ್ಚೆಂದರೆ 1,380 ವಾಟ್. ಹೆಚ್ಚಿನ ಯಂತ್ರಗಳು 1,300ರಿಂದ 1,500 ವಾಟ್ ಎಳೆಯುತ್ತವೆ. ಅರ್ಥಿಂಗ್ ಸರಿಯಿರುವ 16 ಆಂಪಿಯರ್ ಸಾಕೆಟ್ಟೇ ಸರಿ. ಮೈಕ್ರೊವೇವ್‌ನ ಜೊತೆ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಬೇಡಿ.

5. *ಕೆಟ್ಟರೆ ರಿಪೇರಿ ಎಲ್ಲಿ?* ಮಾರುವವರು ದೆಹಲಿ, ನೋಯ್ಡಾ ಅಥವಾ ಗುರುಗ್ರಾಮದಲ್ಲೇ ಸರ್ವಿಸ್ ಕೊಡುತ್ತಾರೋ, ಯಂತ್ರವನ್ನು ಬೇರೆ ಊರಿಗೆ ಕಳಿಸಬೇಕೋ ಎಂದು ಬಿಲ್ ಮಾಡಿಸುವ ಮೊದಲೇ ಕೇಳಿ. ರಬ್ಬರ್ ಗ್ಯಾಸ್ಕೆಟ್, ಜಾಲರಿ, ಪಂಪ್ ಬಿಡಿಯಾಗಿ ಸಿಗುತ್ತವೆಯೇ ಎಂಬುದನ್ನೂ ವಿಚಾರಿಸಿ.

ಯಂತ್ರಗಳ ಬಗೆ

*ಹಬೆ ಯಂತ್ರ.* ಮಾರ್ಫಿ ರಿಚರ್ಡ್ಸ್ ಕಂಪನಿಯ 800 ವಾಟಿನ ಯುರೋಪಾ ಭಾರತದ ಮನೆಗಳಲ್ಲಿ ಬಹಳ ಕಾಲದಿಂದ ಕಾಣುವ ಮಾದರಿ. ಇದರಲ್ಲಿ ಬರುವುದು ಗಟ್ಟಿ ಡಿಕಾಕ್ಷನ್‌ಗೆ ಹತ್ತಿರದ ಕಾಫಿ, ಎಸ್‌ಪ್ರೆಸೊ ಅಲ್ಲ. ಗ್ರೈಂಡರ್ ಇಲ್ಲದೆ, ಹಾಲಿಗೆ ನೊರೆ ಬಂದರೆ ಸಾಕು ಎನ್ನುವವರಿಗೆ ಸರಿಹೋಗುತ್ತದೆ.

*ಥರ್ಮೊಬ್ಲಾಕ್ ಯಂತ್ರ.* ಬಾಯ್ಲರ್ ಬದಲು ಕಾದ ಲೋಹದ ಗಟ್ಟಿಯೊಳಗಿನ ಸಣ್ಣ ದಾರಿಯಲ್ಲಿ ನೀರು ಹರಿದು ಬಿಸಿಯಾಗುತ್ತದೆ. ಒಂದು ನಿಮಿಷದೊಳಗೆ ಸಿದ್ಧ. ಡೆಲಾಂಗಿಯ ಡೆಡಿಕಾ ಈ ಜಾತಿಯದು. ಅಗಲ ಸುಮಾರು 15 ಸೆಂಟಿಮೀಟರ್, ಪುಡಿ ತುಂಬುವ ಬಟ್ಟಲಿನ ವ್ಯಾಸ 51 ಮಿಲಿಮೀಟರ್. ಫ್ಲ್ಯಾಟ್‌ನ ಇಕ್ಕಟ್ಟಾದ ಕಟ್ಟೆಗೆ ಒಗ್ಗುತ್ತದೆ. ಇಬ್ಬರಿರುವ ಮನೆಗೆ ಮೊದಲ ಯಂತ್ರವಾಗಿ ಈ ವರ್ಗ ಸಾಕು.

*ಒಂದು ಬಾಯ್ಲರ್ ಯಂತ್ರ.* 1991ರಿಂದ ಇರುವ ಗಾಜಿಯಾ ಕ್ಲಾಸಿಕ್ ಇದಕ್ಕೆ ಒಳ್ಳೆಯ ಉದಾಹರಣೆ. ಹೋಟೆಲ್ ಯಂತ್ರಗಳ 58 ಮಿಲಿಮೀಟರ್ ಬಟ್ಟಲೇ ಇದರಲ್ಲೂ ಇದೆ. ಬಿಚ್ಚಿ ರಿಪೇರಿ ಮಾಡಲು ಸುಲಭ. ಕಾಫಿ ಇಳಿಸಿದ ಮೇಲೆ ಹಬೆಗಾಗಿ ಅದೇ ಬಾಯ್ಲರ್ ಮತ್ತೆ ಕಾಯಬೇಕು, ಹಾಗಾಗಿ ನೆಂಟರು ಬಂದಾಗ ನಿಧಾನ.

*ಹೀಟ್ ಎಕ್ಸ್‌ಚೇಂಜರ್ ಮತ್ತು ಎರಡು ಬಾಯ್ಲರ್ ಯಂತ್ರಗಳು.* ಕಾಫಿ ಇಳಿಯುತ್ತಿರುವಾಗಲೇ ಹಾಲು ಕಾಯಿಸಬಹುದು. ದೊಡ್ಡವು, ಭಾರವಾದವು, ಪೂರ್ತಿ ಬಿಸಿಯಾಗಲು ಅರ್ಧ ಗಂಟೆ ಬೇಕು. ದಿನಕ್ಕೆ ಎಂಟು–ಹತ್ತು ಲೋಟ ಆಗುವ ಮನೆಗೆ ಮಾತ್ರ ಯೋಚಿಸಬಹುದು.

*ಕ್ಯಾಪ್ಸೂಲ್ ಯಂತ್ರ.* ಗ್ರೈಂಡರ್, ಹದ, ತೂಕ ಯಾವುದರ ಗೋಜೂ ಇಲ್ಲ. ಆದರೆ ಒಂದೊಂದು ಲೋಟದ ಖರ್ಚು ಹೆಚ್ಚು, ಕಸವೂ ಹೆಚ್ಚು. ಚಿಕ್ಕಮಗಳೂರಿನ ಪರಿಚಿತ ತೋಟದ ಬೀಜ ಹಾಕಿಕೊಳ್ಳುವ ಸ್ವಾತಂತ್ರ್ಯ ಇರುವುದಿಲ್ಲ.

ಪೆಟ್ಟಿಗೆಯ ಮೇಲಿನ "15 ಬಾರ್", "20 ಬಾರ್" ಎಂಬ ಅಂಕಿಗೆ ಮರುಳಾಗಬೇಡಿ. ಅದು ಪಂಪಿನ ಗರಿಷ್ಠ ಶಕ್ತಿ. ಪುಡಿಗೆ ಬೇಕಾದದ್ದು 9 ಬಾರ್ ಮಾತ್ರ. ಹೆಚ್ಚಿನ ಅಂಕಿಯಿಂದ ರುಚಿ ಹೆಚ್ಚುವುದಿಲ್ಲ.

ನೀರು: ಇಲ್ಲಿನ ದೊಡ್ಡ ಪ್ರಶ್ನೆ

ದೆಹಲಿಯ ನಲ್ಲಿಗಳಿಗೆ ಯಮುನೆ, ಗಂಗೆ, ಭಾಕ್ರಾ ಅಣೆಕಟ್ಟು, ಅಂತರ್ಜಲ ಹೀಗೆ ಹಲವು ಮೂಲಗಳಿಂದ ನೀರು ಬರುತ್ತದೆ. ಒಂದು ಬಡಾವಣೆಯ ನೀರು ಪಕ್ಕದ ಬಡಾವಣೆಯಂತಿರುವುದಿಲ್ಲ. ಟ್ಯಾಂಕರ್ ಅಥವಾ ಬೋರ್‌ವೆಲ್ ನೀರನ್ನು ನೆಚ್ಚಿದ ಸೊಸೈಟಿಗಳಲ್ಲಿ ಗಡಸುತನ ಇನ್ನೂ ಹೆಚ್ಚು. ಭಾರತೀಯ ಮಾನಕ ಸಂಸ್ಥೆಯ ಕುಡಿಯುವ ನೀರಿನ ಮಾನದಂಡದಲ್ಲಿ ಒಟ್ಟು ಗಡಸುತನದ ಸ್ವೀಕಾರಾರ್ಹ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ಮೂಲವಿಲ್ಲದಿದ್ದರೆ 600ರ ವರೆಗೂ ಬಿಡಲಾಗುತ್ತದೆ. ಮನುಷ್ಯರಿಗೆ ನಡೆಯುವ ಈ ನೀರು ಯಂತ್ರಕ್ಕೆ ನಡೆಯುವುದಿಲ್ಲ. ಕಾದಾಗ ಕ್ಯಾಲ್ಸಿಯಂ ಕಾರ್ಬೊನೇಟ್ ಬೇರ್ಪಟ್ಟು, ಗೀಸರ್ ಒಳಗೆ ಕಟ್ಟುವ ಬಿಳಿ ಸುಣ್ಣದ ಹಾಗೆಯೇ, ಬಾಯ್ಲರ್‌ನಲ್ಲೂ ಸಣ್ಣ ಕೊಳವೆಗಳಲ್ಲೂ ಪೊರೆಯಾಗುತ್ತದೆ. ಗೀಸರ್‌ನ ಕೊಳವೆ ದಪ್ಪ, ಕೆಲವು ವರ್ಷ ತಾಳುತ್ತದೆ. ಥರ್ಮೊಬ್ಲಾಕ್‌ನ ದಾರಿ ಅಷ್ಟು ದಿನ ತಾಳುವುದಿಲ್ಲ.

ಹಾಗಾದರೆ ಆರ್‌ಒ ನೀರು? ಅದರಲ್ಲಿ ಬೇರೆ ಕೊರತೆ ಇದೆ. ಕಾಫಿಯ ರುಚಿಯನ್ನು ಪುಡಿಯಿಂದ ಹೊರಗೆ ತರಲು ನೀರಿನಲ್ಲಿ ಒಂದಿಷ್ಟು ಖನಿಜ ಬೇಕು. ಆರ್‌ಒ ಅದನ್ನು ಬಹುಪಾಲು ತೆಗೆದುಹಾಕುವುದರಿಂದ ಕಾಫಿ ಸಪ್ಪೆಯಾಗುತ್ತದೆ, ಹುಳಿ ಎದ್ದು ಕಾಣುತ್ತದೆ. ಖನಿಜವೇ ಇಲ್ಲದ ನೀರು ಲೋಹವನ್ನು ನಿಧಾನವಾಗಿ ಸವೆಸಬಲ್ಲದು. ನೀರಿನ ಮಟ್ಟವನ್ನು ವಿದ್ಯುತ್ ಹರಿವಿನಿಂದ ತಿಳಿಯುವ ಬಾಯ್ಲರ್‌ಗಳಲ್ಲಿ ಸೆನ್ಸರ್ ಕೂಡ ಮೋಸಹೋಗುತ್ತದೆ. ಸ್ಪೆಷಾಲ್ಟಿ ಕಾಫಿ ಸಂಘದ ಮಾರ್ಗಸೂಚಿ ಹೇಳುವ ಗುರಿ ಲೀಟರಿಗೆ 150 ಮಿಲಿಗ್ರಾಂ ಕರಗಿದ ಖನಿಜ. 75ರಿಂದ 250ರ ವರೆಗೆ ನಡೆಯುತ್ತದೆ.

ಮಾಡಬೇಕಾದದ್ದು ಇಷ್ಟು:

1. ಕೆಲವು ನೂರು ರೂಪಾಯಿಗೆ ಸಿಗುವ ಟಿಡಿಎಸ್ ಮೀಟರ್ ಕೊಂಡು ಆರ್‌ಒ ನೀರನ್ನೂ ನಲ್ಲಿ ನೀರನ್ನೂ ಬೇರೆ ಬೇರೆ ಅಳೆಯಿರಿ. ಮೀಟರ್ ತೋರಿಸುವುದು ಒಟ್ಟು ಕರಗಿದ ಅಂಶವನ್ನು, ಗಡಸುತನವನ್ನಲ್ಲ. ಅದಕ್ಕೆ ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ ಗಡಸುತನದ ಪಟ್ಟಿ ಬಳಸಬಹುದು.
2. ಆರ್‌ಒ ನೀರು 40, ನಲ್ಲಿ ನೀರು 400 ತೋರಿಸಿತು ಎನ್ನಿ. ಮೂರು ಪಾಲು ಆರ್‌ಒ, ಒಂದು ಪಾಲು ನಲ್ಲಿ ನೀರು ಬೆರೆಸಿದರೆ 130 ಆಗುತ್ತದೆ. ನಲ್ಲಿ ನೀರು ಯುವಿ ಮತ್ತು ಕಾರ್ಬನ್ ಫಿಲ್ಟರ್ ಹಾದು ಬಂದಿರಲಿ.
3. ಬೋರ್‌ವೆಲ್ ನೀರು ಬಾಯಿಗೆ ಉಪ್ಪುಪ್ಪು ಎನಿಸಿದರೆ ಬೆರೆಸಲೇಬೇಡಿ. ಅದರಲ್ಲಿನ ಕ್ಲೋರೈಡ್ ಸ್ಟೀಲ್ ಬಾಯ್ಲರನ್ನೇ ತಿನ್ನುತ್ತದೆ. ಅಂಥ ಮನೆಗೆ ಬೇರೆ ದಾರಿ ಇದೆ: ಆಹಾರ ದರ್ಜೆಯ ಪೊಟ್ಯಾಷಿಯಂ ಬೈಕಾರ್ಬೊನೇಟ್ 10 ಗ್ರಾಂ ಅನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿ ಇಟ್ಟುಕೊಳ್ಳಿ. ಆ ದ್ರಾವಣದ 10 ಮಿಲಿಲೀಟರನ್ನು ಪ್ರತಿ ಲೀಟರ್ ಆರ್‌ಒ ನೀರಿಗೆ ಸೇರಿಸಿ. ಸುಣ್ಣ ಕಟ್ಟುವುದಿಲ್ಲ, ಲೋಹವೂ ಸವೆಯುವುದಿಲ್ಲ.
4. ಮಳೆಗಾಲದ ಮೊದಲು ಮತ್ತು ಆಮೇಲೆ ನೀರನ್ನು ಮತ್ತೊಮ್ಮೆ ಅಳೆಯಿರಿ.

ಬೀಜ: ತವರಿನದೇ, ಇಲ್ಲಿ ಹುರಿದದ್ದು

ದೇಶದ ಕಾಫಿಯಲ್ಲಿ ಸುಮಾರು ಶೇ 70 ಕರ್ನಾಟಕದ್ದು. ಅಲ್ಲಿನ ಒಳ್ಳೆಯ ಬೀಜ ಈಗ ದೆಹಲಿಯಲ್ಲೇ ಹುರಿದು ಸಿಗುತ್ತದೆ. ಲೋಧಿ ಕಾಲೊನಿಯ ಖನ್ನಾ ಮಾರ್ಕೆಟ್‌ನಲ್ಲಿರುವ ದೇವನ್ಸ್ ದಶಕಗಳಿಂದ ದಕ್ಷಿಣದವರಿಗೆ ಬೀಜ ಹುರಿದು ಪುಡಿ ಮಾಡಿ ಕೊಡುತ್ತಿರುವ ಅಂಗಡಿ. 2013ರಲ್ಲಿ ದೆಹಲಿಯಲ್ಲಿ ಶುರುವಾದ ಬ್ಲೂ ಟೊಕಾಯ್ ಬಿಳಿಗಿರಿರಂಗನ ಬೆಟ್ಟದ ಅಟ್ಟಿಕಾನ್ ಎಸ್ಟೇಟಿನ ಬೀಜವನ್ನು ತೋಟದ ಹೆಸರು ಹಾಕಿಯೇ ಮಾರುತ್ತದೆ.

ಹಾಲಿನ ಕಾಫಿಗೆ ಮಧ್ಯಮದಿಂದ ತುಸು ಗಾಢವಾಗಿ ಹುರಿದದ್ದು, ಶೇ 20–30 ರೋಬಸ್ಟಾ ಸೇರಿದ್ದು ಚೆನ್ನ. ಫಿಲ್ಟರ್ ಕಾಫಿಯ ಗಟ್ಟಿತನಕ್ಕೆ ಒಗ್ಗಿದ ನಾಲಿಗೆಗೆ ಅದು ಹತ್ತಿರ, ನೊರೆಯೂ ದಪ್ಪಗೆ ಕಟ್ಟುತ್ತದೆ. ರೋಬಸ್ಟಾ ಎಂದರೆ ಕೀಳು ಎಂದುಕೊಳ್ಳಬೇಕಿಲ್ಲ. ಭಾರತದ ಕಾಫಿಯನ್ನು ಹೆಚ್ಚು ಕೊಳ್ಳುವ ದೇಶಗಳಲ್ಲಿ ಇಟಲಿ ಮುಂಚೂಣಿಯಲ್ಲಿದೆ; ಅಲ್ಲಿನ ಎಸ್‌ಪ್ರೆಸೊ ಮಿಶ್ರಣಗಳಿಗೆ ನಮ್ಮ ರೋಬಸ್ಟಾ ಮತ್ತು ಕರಾವಳಿಯ ಮಳೆಗಾಳಿಯಲ್ಲಿ ಹದಗೊಳಿಸಿದ ಮಾನ್ಸೂನ್ಡ್ ಮಲಬಾರ್ ಬೀಜ ಹೋಗುತ್ತವೆ.

ಪೊಟ್ಟಣದ ಮೇಲೆ ಹುರಿದ ದಿನಾಂಕ ಇರಲೇಬೇಕು. ಹುರಿದು ಒಂದು ವಾರ ಕಳೆದ ಮೇಲೆ ಶುರುಮಾಡಿ, ಒಂದೂವರೆ ತಿಂಗಳೊಳಗೆ ಮುಗಿಸಿ. ದಿನಕ್ಕೆ ತಲಾ 18 ಗ್ರಾಂ ಪುಡಿಯ ಎರಡು ಡಬಲ್ ಶಾಟ್ ಎಂದರೆ 36 ಗ್ರಾಂ ಬೀಜ, ಅಂದರೆ 250 ಗ್ರಾಂ ಪೊಟ್ಟಣ ಒಂದು ವಾರಕ್ಕೆ. ಮನೆಯ ತಿಂಗಳ ಖರ್ಚನ್ನು ಈ ಲೆಕ್ಕದಲ್ಲಿ ಮೊದಲೇ ಹಾಕಿಕೊಳ್ಳಿ. ಮೇ–ಜೂನ್ ಸೆಕೆಯಲ್ಲಿ ಬೀಜವನ್ನು ಒಲೆಯ ಪಕ್ಕ, ಕಿಟಕಿಯ ಬಿಸಿಲಿನಲ್ಲಿ ಇಡಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ತಂಪಾದ ಕಪಾಟಿನಲ್ಲಿರಲಿ.

ದಿನದ ಕ್ರಮ

1. ಯಂತ್ರ ಹಚ್ಚಿ, ಪುಡಿಯ ಬಟ್ಟಲನ್ನು ಅದರಲ್ಲೇ ಸಿಕ್ಕಿಸಿಟ್ಟು ಬಿಸಿಯಾಗಲು ಬಿಡಿ. ಡಿಸೆಂಬರ್–ಜನವರಿಯಲ್ಲಿ ಅಡುಗೆಮನೆಯೇ ಕೊರೆಯುತ್ತಿರುತ್ತದೆ. ಆಗ ಖಾಲಿ ಬಿಸಿನೀರು ಒಮ್ಮೆ ಹರಿಸಿ ಲೋಟವನ್ನೂ ಬೆಚ್ಚಗೆ ಮಾಡಿಕೊಳ್ಳಿ.
2. ಬೀಜವನ್ನು ತೂಗಿ ಬೀಸಿ. ದೊಡ್ಡ ಬಟ್ಟಲಿಗೆ 18 ಗ್ರಾಂ. ಸಣ್ಣ ಬಟ್ಟಲಿಗೆ 14–16. ಚಳಿಗಾಲದ ಒಣಹವೆಯಲ್ಲಿ ಪುಡಿ ಗ್ರೈಂಡರ್‌ಗೆ ಅಂಟಿಕೊಂಡು ಸಿಡಿಯುತ್ತದೆ. ಬೀಸುವ ಮೊದಲು ಬೀಜಕ್ಕೆ ಒಂದು ಹನಿ ನೀರು ಸವರಿದರೆ ಅದು ನಿಲ್ಲುತ್ತದೆ.
3. ಪುಡಿಯನ್ನು ಸಣ್ಣ ಕಡ್ಡಿಯಿಂದ ಕೆದಕಿ, ಗಂಟು ಬಿಡಿಸಿ, ಸಮವಾಗಿ ಹರಡಿ. ಟ್ಯಾಂಪರ್‌ನಿಂದ ನೇರವಾಗಿ ಅದುಮಿ. ಎಷ್ಟು ಬಲ ಹಾಕಿದಿರಿ ಎನ್ನುವುದಕ್ಕಿಂತ ಮಟ್ಟವಾಗಿರುವುದು ಮುಖ್ಯ. ಒಂದು ಕಡೆ ಓರೆಯಾದರೆ ನೀರು ಆ ಕಡೆಯಿಂದಲೇ ಜಾರಿಬಿಡುತ್ತದೆ.
4. ಲೋಟವನ್ನು ತಕ್ಕಡಿಯ ಮೇಲಿಟ್ಟು ಶುರುಮಾಡಿ. 18 ಗ್ರಾಂ ಪುಡಿಗೆ 36 ಗ್ರಾಂ ಕಾಫಿ, 25–30 ಸೆಕೆಂಡಿನಲ್ಲಿ.
5. ಬೇಗ ಇಳಿದು ಹುಳಿಯಾದರೆ ಮರುದಿನ ಇನ್ನಷ್ಟು ನುಣ್ಣಗೆ ಬೀಸಿ. ನಿಧಾನವಾಗಿ ಇಳಿದು ಕಹಿಯಾದರೆ ತುಸು ತರಿಯಾಗಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ತೂಕ, ಹದ, ಸಮಯ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ಹಾಲು

ಹಾಲನ್ನು ತಂದೊಡನೆ ಕಾಯಿಸಿ ಇಡುವುದು ನಮ್ಮ ಮನೆಗಳ ರೂಢಿ. ಕಾಯಿಸಿದ ಹಾಲಿನ ಪ್ರೋಟೀನ್ ಆಗಲೇ ಬದಲಾಗಿರುತ್ತದೆ, ಕೆನೆ ಬೇರೆಯಾಗಿರುತ್ತದೆ. ನೊರೆ ನಯವಾಗಿ ಕಟ್ಟುವುದಿಲ್ಲ. ಪ್ಯಾಕೆಟ್ ಹಾಲು ಪಾಶ್ಚರೀಕರಿಸಿ ಬಂದದ್ದು. ಫ್ರಿಜ್‌ನಲ್ಲಿಟ್ಟ ಹೊಸ ಪ್ಯಾಕೆಟ್ಟನ್ನು ನೇರವಾಗಿ ಹಬೆಗೆ ಹಿಡಿಯಬಹುದು. ಬಿಡಿ ಹಾಲನ್ನು ಮಾತ್ರ ಕಾಯಿಸಲೇಬೇಕು, ಆಮೇಲೆ ಸೋಸಿ ತಣಿಸಿ ಬಳಸಿ.

ಟೋನ್ಡ್ ಹಾಲಿನಲ್ಲಿ ಶೇ 3 ಕೊಬ್ಬು, ಫುಲ್ ಕ್ರೀಮಿನಲ್ಲಿ ಶೇ 6. ಕಲಿಯುವವರಿಗೆ ಟೋನ್ಡ್ ಸುಲಭ. ಕೈ ಪಳಗಿದ ಮೇಲೆ ಫುಲ್ ಕ್ರೀಮ್ ಹೆಚ್ಚು ರುಚಿ. 2024ರ ನವೆಂಬರ್‌ನಲ್ಲಿ ದೆಹಲಿ ಮಾರುಕಟ್ಟೆಗೆ ನಂದಿನಿ ಹಾಲು ಬಂದಿರುವುದರಿಂದ ಊರಿನ ಹಾಲೇ ಬೇಕೆನ್ನುವವರು ಅದನ್ನೂ ನೋಡಬಹುದು. ಮೊದಲ ಕೆಲವು ಸೆಕೆಂಡು ಕೊಳವೆಯ ತುದಿ ಹಾಲಿನ ಮೇಲ್ಮೈಯಲ್ಲಿರಲಿ, ಪಾತ್ರೆ ಉಗುರುಬೆಚ್ಚಗಾದೊಡನೆ ತುದಿಯನ್ನು ಒಳಗೆ ಮುಳುಗಿಸಿ ಸುಳಿ ಎಬ್ಬಿಸಿ. 60–65 ಡಿಗ್ರಿಗೆ, ಅಂದರೆ ಪಾತ್ರೆಯನ್ನು ಅಂಗೈ ತಾಳದ ಹೊತ್ತಿಗೆ, ನಿಲ್ಲಿಸಿ. ಕುದಿಯುವ ಕಾಫಿಯೇ ಬೇಕೆನ್ನುವ ಹಿರಿಯರಿಗೆ ಇದು ತಣ್ಣಗೆನಿಸುತ್ತದೆ. ಅವರ ಲೋಟವನ್ನು ಬಿಸಿನೀರಿನಲ್ಲಿ ಕಾಯಿಸಿಕೊಟ್ಟರೆ ಬಿಸಿ ಹೆಚ್ಚು ಹೊತ್ತು ನಿಲ್ಲುತ್ತದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

*ಬಟ್ಟಲಿನ ಬಗೆ ನೋಡದಿರುವುದು.* ಅಗ್ಗದ ಯಂತ್ರಗಳ ಜೊತೆ ಬರುವ ಬಟ್ಟಲಿಗೆ ಎರಡು ತಳ ಇರುತ್ತದೆ, ಹೊರ ತಳದಲ್ಲಿ ಒಂದೇ ತೂತು. ಪುಡಿ ತರಿಯಾಗಿದ್ದರೂ ಅದು ಒತ್ತಡ ಹುಟ್ಟಿಸಿ ನೊರೆ ತೋರಿಸುತ್ತದೆ. ಗ್ರೈಂಡರ್ ಇಲ್ಲದವರಿಗೆ ಇದು ಅನುಕೂಲ. ಒಳ್ಳೆಯ ಗ್ರೈಂಡರ್ ಕೊಂಡ ಮೇಲೂ ಇದನ್ನೇ ಬಳಸಿದರೆ ಗ್ರೈಂಡರ್‌ನ ಹಣ ವ್ಯರ್ಥ. ಒಂದೇ ತಳದ ಬಟ್ಟಲು ಬೇರೆಯಾಗಿ ಕೊಳ್ಳಿ.

*ಹಬೆಯ ಕೊಳವೆಯನ್ನು ಹಾಗೇ ಬಿಡುವುದು.* ಹಾಲು ಕಾಯಿಸಿದ ತಕ್ಷಣ ಒದ್ದೆ ಬಟ್ಟೆಯಿಂದ ಒರೆಸಿ, ಒಂದು ಕ್ಷಣ ಹಬೆ ಬಿಟ್ಟು ಒಳಗಿನ ಹಾಲನ್ನೂ ಹೊರಹಾಕಿ. ಒಣಗಿದ ಹಾಲು ತೂತು ಮುಚ್ಚುತ್ತದೆ, ಸೆಕೆಗಾಲದಲ್ಲಿ ಹುಳಿತು ನಾರುತ್ತದೆ.

*ಸುಣ್ಣ ತೆಗೆಯುವುದನ್ನು ಮುಂದೂಡುವುದು.* ನೀರು ಹದವಾಗಿದ್ದರೂ ಎರಡು–ಮೂರು ತಿಂಗಳಿಗೊಮ್ಮೆ ಬೇಕು. ಕಂಪನಿ ಹೇಳಿದ ದ್ರಾವಣವಾದರೆ ಉತ್ತಮ. ಸಿಟ್ರಿಕ್ ಆಮ್ಲಕ್ಕೆ ಕೈಪಿಡಿಯಲ್ಲಿ ಒಪ್ಪಿಗೆಯಿದ್ದರೆ ಲೀಟರಿಗೆ 20 ಗ್ರಾಂ ಸಾಕು. ವಿನೆಗರ್ ಬೇಡ, ವಾಸನೆ ದಿನಗಟ್ಟಲೆ ಉಳಿಯುತ್ತದೆ, ರಬ್ಬರ್ ಕೂಡ ಹಾಳಾಗುತ್ತದೆ.

*ಎಲ್ಲ ಯಂತ್ರಕ್ಕೂ ಬ್ಯಾಕ್‌ಫ್ಲಶ್ ಮಾಡುವುದು.* ತೂತಿಲ್ಲದ ಬಟ್ಟಲು ಹಾಕಿ ನೀರನ್ನು ಹಿಂದಕ್ಕೆ ನೂಕಿ ತೊಳೆಯುವ ಈ ಕ್ರಮ ಮೂರುದಾರಿ ವಾಲ್ವ್ ಇರುವ ಯಂತ್ರಗಳಿಗೆ ಮಾತ್ರ. ಗಾಜಿಯಾ ಕ್ಲಾಸಿಕ್‌ಗೆ ಮಾಡಬಹುದು, ಡೆಡಿಕಾದಂಥವಕ್ಕೆ ಮಾಡಬಾರದು.

ಎಚ್ಚರಿಕೆ

ಅಮೆರಿಕದಲ್ಲಿರುವ ಮಕ್ಕಳು ಪ್ರೀತಿಯಿಂದ ತಂದುಕೊಡುವ ಯಂತ್ರ 120 ವೋಲ್ಟ್, 60 ಹರ್ಟ್ಸಿನದು. ಇಲ್ಲಿನ 230 ವೋಲ್ಟಿಗೆ ನೇರ ಹಾಕಿದರೆ ಆ ಕ್ಷಣವೇ ಸುಟ್ಟುಹೋಗುತ್ತದೆ. 2,000 ವಾಟಿನ ಟ್ರಾನ್ಸ್‌ಫಾರ್ಮರ್ ಇಟ್ಟರೂ 50 ಹರ್ಟ್ಸಿನಲ್ಲಿ ಪಂಪ್ ಸರಿಯಾಗಿ ನಡೆಯುವುದಿಲ್ಲ, ವಾರಂಟಿಯೂ ಇರುವುದಿಲ್ಲ. ಅವರಿಗೆ ಮೊದಲೇ ಹೇಳಿ ಕೈ ಗ್ರೈಂಡರ್ ತರಿಸಿಕೊಳ್ಳಿ. ಅದಕ್ಕೆ ಕರೆಂಟಿನ ಹಂಗಿಲ್ಲ.

ಕರೆಂಟ್ ಹೋದಾಗ ಮನೆಯ ಸಾಮಾನ್ಯ ಇನ್ವರ್ಟರ್‌ನಲ್ಲಿ ಯಂತ್ರ ನಡೆಸಬೇಡಿ. ಕಾಫಿ ಇಳಿಯುತ್ತಿರುವಾಗ ಪುಡಿಯ ಬಟ್ಟಲನ್ನು ತಿರುಗಿಸಿ ಬಿಚ್ಚಬೇಡಿ. ಒಳಗಿನ ಒತ್ತಡಕ್ಕೆ ಬಿಸಿ ಪುಡಿ ಮುಖಕ್ಕೆ ಸಿಡಿಯುತ್ತದೆ. ಹಬೆ ಯಂತ್ರದ ಮುಚ್ಚಳವನ್ನು ಒತ್ತಡ ಪೂರ್ತಿ ಇಳಿಯುವವರೆಗೆ ಮುಟ್ಟಲೇಬೇಡಿ. ಹಬೆಯ ಕೊಳವೆ ಕೈಗೆ ಎಟಕುವಲ್ಲಿ ಮಕ್ಕಳು ನಿಲ್ಲದಂತೆ ಯಂತ್ರವನ್ನು ಕಟ್ಟೆಯ ಒಳಮೂಲೆಗೆ ಇಡಿ.

ಯಾರಿಗೆ ಯಾವುದು?

ಇಬ್ಬರೇ ಇರುವ, ಬೆಳಿಗ್ಗೆ ಹೊತ್ತಿಲ್ಲದ ಮನೆಗೆ ಥರ್ಮೊಬ್ಲಾಕ್ ಯಂತ್ರ, ಒಂದೇ ತಳದ ಬಟ್ಟಲು, ಒಂದು ಕೈ ಗ್ರೈಂಡರ್. ಕಲಿಯುವ ಆಸೆಯೂ ಹತ್ತು ವರ್ಷ ಬಳಸುವ ಇರಾದೆಯೂ ಇದ್ದವರಿಗೆ 58 ಮಿಲಿಮೀಟರ್ ಬಟ್ಟಲಿನ ಒಂದು ಬಾಯ್ಲರ್ ಯಂತ್ರ. ಅಪ್ಪ ಅಮ್ಮ, ಮಕ್ಕಳು, ವಾರಕ್ಕೊಮ್ಮೆ ಬರುವ ನೆಂಟರು ಇರುವ ಮನೆಗೆ ಎಸ್‌ಪ್ರೆಸೊ ಯಂತ್ರ ಇದ್ದರೂ ಫಿಲ್ಟರ್ ಇರಲೇಬೇಕು. ಚಿಕೋರಿ ಕಾಫಿಯನ್ನೇ ಮೆಚ್ಚುವ ಮನೆಗೆ ಈ ಯಂತ್ರದ ಅಗತ್ಯವೇ ಇಲ್ಲ, ಆ ಹಣದಲ್ಲಿ ವರ್ಷವಿಡೀ ಒಳ್ಳೆಯ ಬೀಜ ತರಿಸಬಹುದು.

ಈಗಾಗಲೇ ಮನಸ್ಸು ಮಾಡಿದ್ದರೆ ಈ ವಾರ ಟಿಡಿಎಸ್ ಮೀಟರ್ ತಂದು ಮನೆಯ ನೀರು ಅಳೆಯಿರಿ, ಮುಂದಿನ ತಿಂಗಳು ಗ್ರೈಂಡರ್ ಕೊಳ್ಳಿ. ಹೊಸದಾಗಿ ಬೀಸಿದ ಪುಡಿಯನ್ನು ತುಸು ತರಿಯಾಗಿಯೇ ಇಟ್ಟು ಮನೆಯ ಫಿಲ್ಟರ್‌ನಲ್ಲೇ ಕೆಲವು ದಿನ ಕುಡಿದು ನೋಡಿ. ಆ ಮೇಲೂ ಎಸ್‌ಪ್ರೆಸೊ ಬೇಕೆನಿಸಿದರೆ ಧೈರ್ಯವಾಗಿ ಯಂತ್ರ ತನ್ನಿ. ಅದು ಅಟ್ಟ ಸೇರುವುದಿಲ್ಲ.